ಅರವತ್ತಮೂರು ತಪ್ಪುಗಳ ಕಟ್ಟು

ಚಲುವಯ್ಯ ಸರ್ಕಾರಿ ನೌಕರಿಗೆ ಸೇರಿದ್ದು ಹೊಳೆಯಲ್ಲಿ ನೀರು ಎಷ್ಟಿದೆ ಎಂದು ನೋಡಿ ಬರೆದಿಡುವುದಕ್ಕೆ. ಅದು ೧೯೫೫ನೇ ಇಸವಿ. ಬಾಗೂರಿನ ಪಕ್ಕದ ಕೇರಿಯಲ್ಲಿ ಹುಟ್ಟಿದವನು, ಚನ್ನರಾಯಪಟ್ಟಣದ ಹಾಸ್ಟೆಲಿನಲ್ಲಿದ್ದುಕೊಂಡು ಎಸ್ಸೆಸ್ಸೆಲ್ಸಿ ಮುಗಿಸಿದ್ದ. ಅಪ್ಪ ದೇವಯ್ಯ ಊರಿನವರ ಗದ್ದೆಯಲ್ಲಿ ಆಳು. ಕೇರಿಯಲ್ಲಿ ಅಷ್ಟು ಓದಿದವನು ಚಲುವಯ್ಯನೊಬ್ಬನೇ. ಗಣಿತದಲ್ಲಿ ತೊಂಬತ್ತೊಂದು ನಂಬರು, ಇಂಗ್ಲಿಷಿನಲ್ಲಿ ಮೂವತ್ತಾರು.

ಕೆಲಸ ಹೊಳೆನರಸೀಪುರದಲ್ಲಿ. ಅಲ್ಲಿ ಬಾಡಿಗೆ ಮನೆ ಕೇಳಹೋದರೆ ಬಾಡಿಗೆಯ ಮಾತಿಗಿಂತ ಮುಂಚೆ “ಯಾವ ಪೈಕಿ?” ಎಂಬ ಮಾತು ಬರುತ್ತಿತ್ತು. ನಾಲ್ಕು ಬೀದಿ ಸುತ್ತಿ ಸಾಕಾಗಿ, ಹೇಮಾವತಿಯ ದಡದಲ್ಲಿ ಇಲಾಖೆಯವರು ಸಾಮಾನು ಇಡಲು ಕಟ್ಟಿಸಿದ್ದ ಹೆಂಚಿನ ಕೋಣೆಯಲ್ಲೇ ಬಿಡಾರ ಹೂಡಿದ. ಮದುವೆಯಾದ ಮೇಲೆ ಹೆಂಡತಿ ಮಾಯಮ್ಮನೂ ಅಲ್ಲಿಗೇ ಬಂದಳು. ನೀರಿನಲ್ಲಿ ಒಂದು ಕಲ್ಲುಕಂಬ. ಕಂಬದ ಮೇಲೆ ಅಡಿ, ಅಡಿಯ ಹತ್ತನೇ ಒಂದು ಭಾಗ ಬರೆದ ಪಟ್ಟಿ. ಬೆಳಗ್ಗೆ ಎಂಟಕ್ಕೆ ಅದನ್ನು ನೋಡಿ ಪುಸ್ತಕದಲ್ಲಿ ಬರೆಯಬೇಕು. ಮಳೆಗಾಲದಲ್ಲಿ ದಿನಕ್ಕೆ ಮೂರು ಸಲ. ಆರು ವರ್ಷದಲ್ಲಿ ಅವನು ಒಂದು ದಿನವೂ ಅಂದಾಜಿನ ಮೇಲೆ ಬರೆಯಲಿಲ್ಲ.

೧೯೬೧ರ ಜುಲೈನಲ್ಲಿ ಹೊಳೆ ಉಕ್ಕಿ ಬಂತು. ಮಧ್ಯಾಹ್ನದ ಹೊತ್ತಿಗೆ ಅಳತೆಯ ಕಂಬವೇ ಉರುಳಿಹೋಯಿತು. ಚಲುವಯ್ಯ ದಡದ ಮೆಟ್ಟಿಲಿನ ಮೇಲೆ ನಿಂತು, ನೀರು ಮುಟ್ಟಿದ ಕಲ್ಲಿಗೆ ಗಂಟೆಗೊಂದು ಸಲ ಟಾರು ಬಳಿದು ಗುರುತು ಹಾಕಿದ. ನೀರು ಇಳಿದ ಮೇಲೆ ಆ ಗುರುತುಗಳನ್ನು ಅಳೆದೇ ಪುಸ್ತಕ ತುಂಬಿಸಿದ್ದು.

ಆಮೇಲೆ ಹೊಸ ಕಂಬ ನೆಟ್ಟರು. ಅದರ ಸೊನ್ನೆ ಹಳೆಯದಕ್ಕಿಂತ ಒಂದೂವರೆ ಅಡಿ ಕೆಳಗೆ ಬಂತು. ಮೇಲಿನ ಕಚೇರಿಯ ಗುಮಾಸ್ತನೊಬ್ಬ ಹೊಸ ಕಂಬದ ಅಳತೆಗೆ, ಎತ್ತರದಿಂದ ಹರಿವು ತಿಳಿಯುವ ಹಳೆಯ ಕಂಬದ ಕೋಷ್ಟಕ ಹಿಡಿದು ಲೆಕ್ಕ ಹಾಕಿದ. ಬೇಸಿಗೆಯಲ್ಲೇ ಹೊಳೆ ಅರ್ಧ ತುಂಬಿ ಹರಿದಂತೆ ಉತ್ತರ ಬಂತು. ಇದು ಹೀಗಾಗಲು ಸಾಧ್ಯವಿಲ್ಲ, ಕಂಬ ಬದಲಾದರೆ ಕೋಷ್ಟಕವೂ ಬದಲಾಗಬೇಕು ಎಂದು ಚಲುವಯ್ಯ ತನ್ನ ಮೂವತ್ತಾರು ನಂಬರಿನ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಕಳಿಸಿದ. ಆ ಒಂದು ಪುಟವೇ ಅವನನ್ನು ಮರುವರ್ಷ ಹಾಸನದ ಕಚೇರಿಗೆ, ಲೆಕ್ಕ ಮಾಡುವ ಗುಮಾಸ್ತನ ಕುರ್ಚಿಗೆ ಕರೆತಂದಿತು.

ಹಾಸನದಲ್ಲಿ ಅವನಿಗೆ ಸಿಕ್ಕಿದ್ದು ಕೈಯಿಂದ ತಿರುಗಿಸುವ ಒಂದು ಲೆಕ್ಕದ ಯಂತ್ರ ಮತ್ತು ಅಂಚು ಸವೆದ ಲಾಗರಿದಂ ಪುಸ್ತಕ. ಹೊಳೆಯ ಎತ್ತರ ಗೊತ್ತಿದ್ದರೆ ಸೆಕೆಂಡಿಗೆ ಎಷ್ಟು ನೀರು ಹರಿಯಿತು ಎಂದು ಕಂಡುಹಿಡಿಯಬಹುದು; ಅದಕ್ಕೊಂದು ಸೂತ್ರವಿದೆ. ಒಂದು ದಿನದ ಲೆಕ್ಕಕ್ಕೆ ಹತ್ತು ನಿಮಿಷ. ಹೇಮಾವತಿಗೆ ಅಣೆಕಟ್ಟೆಯ ಮಾತು ನಡೆಯುತ್ತಿದ್ದ ಕಾಲ ಅದು. ಹನ್ನೆರಡು ವರ್ಷದ, ಅಂದರೆ ನಾಲ್ಕು ಸಾವಿರದ ಮುನ್ನೂರ ಎಂಬತ್ತಮೂರು ದಿನಗಳ ಲೆಕ್ಕ ಬೇಕು ಎಂದು ಬೆಂಗಳೂರಿನಿಂದ ಆದೇಶ ಬಂತು. ೧೯೬೭ರ ಜೂನ್ ಇಪ್ಪತ್ತೈದರೊಳಗೆ. ಬರಿಯ ಲೆಕ್ಕವಷ್ಟೇ ಅಲ್ಲ. ಅದೇ ಲೆಕ್ಕವನ್ನು ಸೂತ್ರದ ಅಂಕಿಗಳನ್ನು ಬದಲಿಸಿ ಐದು ಬಗೆಯಲ್ಲಿ ಮಾಡಬೇಕು.

ಆಗ ಕಚೇರಿಗೆ ಪಂಚಾಕ್ಷರಯ್ಯ ಎಂಬ ಹೊಸ ಇಂಜಿನಿಯರು ಬಂದಿದ್ದ. ಅರಕಲಗೂಡಿನವ, ಇನ್ನೂ ಇಪ್ಪತ್ತಾರು ವರ್ಷ. ಮದರಾಸಿನ ಒಂದು ಕಾಲೇಜಿನಲ್ಲಿ ಮೂರು ವಾರ ಇದ್ದು ಕಂಪ್ಯೂಟರಿನ ಪಾಠ ಹೇಳಿಸಿಕೊಂಡು ಬಂದಿದ್ದ. ಈ ಲೆಕ್ಕವನ್ನು ಆ ಯಂತ್ರ ಒಂದು ಗಂಟೆಯೊಳಗೆ ಮುಗಿಸುತ್ತದೆ ಎಂದ. ಮೇಲಧಿಕಾರಿ ಗಂಗಾಧರಯ್ಯನವರು ನಂಬಲಿಲ್ಲ, ಬೇಡವೆನ್ನಲೂ ಇಲ್ಲ.

ಪಂಚಾಕ್ಷರಯ್ಯ ಯಂತ್ರ ಮಾಡಬೇಕಾದ ಕೆಲಸವನ್ನು ಫೋರ್ಟ್ರಾನ್ ಎಂಬ ಭಾಷೆಯಲ್ಲಿ ಸಾಲುಸಾಲಾಗಿ ಬರೆದ. ಚೌಕುಳಿ ಹಾಳೆಯಲ್ಲಿ ಒಂದು ಮನೆಗೆ ಒಂದು ಅಕ್ಷರ. ಒಟ್ಟು ಇನ್ನೂರ ಹದಿನಾಲ್ಕು ಸಾಲು. ಅದು ಪ್ರೋಗ್ರಾಮು. ದಿನದಿನದ ನೀರಿನ ಎತ್ತರದ ಅಂಕಿಗಳದ್ದು ಬೇರೆಯೇ ಕಟ್ಟು. ಹಾಳೆಗಳು ಅಂಚೆಯಲ್ಲಿ ಮದರಾಸಿಗೆ ಹೋದರೆ, ಅಲ್ಲಿಯವರು ಒಂದೊಂದು ಸಾಲಿಗೆ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದು ಯಂತ್ರಕ್ಕೆ ಕೊಡುತ್ತಾರೆ. ಆ ಸಾಲುಗಳನ್ನು ಯಂತ್ರದ ಭಾಷೆಗೆ ತಿರುಗಿಸಲು ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಮು ಅಲ್ಲೇ ಇರುತ್ತದೆ. ತನಗೆ ತಿಳಿಯದ ಸಾಲು ಕಂಡರೆ ಅದು ಮುಂದಕ್ಕೆ ಹೋಗುವುದಿಲ್ಲ; ಇಂಥ ಕಾರ್ಡು, ಇಂಥ ತಪ್ಪು ಎಂದು ಅಚ್ಚು ಹೊಡೆದು ವಾಪಸು ಕಳಿಸುತ್ತದೆ.

ಮೇ ಮೂರನೇ ತಾರೀಕು ಪಾರ್ಸೆಲ್ ಬಂತು. ಕಾರ್ಡುಗಳ ಕಟ್ಟು, ಮಡಿಕೆ ಮಡಿಕೆಯಾಗಿ ಅಚ್ಚಾದ ಕಾಗದ. ಉತ್ತರ ಒಂದೂ ಇಲ್ಲ. ಅರವತ್ತಮೂರು ತಪ್ಪು.

“ಅರವತ್ತಮೂರು ಪುರಾತನರೂ ಒಟ್ಟಿಗೇ ಬಂದು ಕೂತವ್ರೆ ನೋಡಿ ಚಲುವಯ್ಯ,” ಎಂದ ಪಂಚಾಕ್ಷರಯ್ಯ. ಹಳೆಯ ಶಿವಭಕ್ತರ ಹೆಸರೆತ್ತಿ ನಗುವುದಕ್ಕೆ ನೋಡಿದ, ನಗು ಬರಲಿಲ್ಲ. ಎರಡು ದಿನ ಹಾಳೆ ತಿರುವಿದ. ಮೊದಲ ತಪ್ಪು ಬಿದ್ದದ್ದು ಆರನೇ ಕಾರ್ಡಿಗೆ. ಎಷ್ಟು ಸಲ ನೋಡಿದರೂ ಆ ಸಾಲು ಸರಿಯಾಗಿಯೇ ಇತ್ತು.

ಗಂಗಾಧರಯ್ಯನವರು ಬಂದು ಕಾಗದದ ಮಡಿಕೆಯನ್ನು ಒಂದು ಬೆರಳಿನಿಂದ ಎತ್ತಿ ನೋಡಿದರು. “ಇನ್ನೊಂದು ಸಲ ಕಳಿಸಿ ನೋಡ್ರಿ. ಆಗಲಿಲ್ಲ ಅಂದ್ರೆ ಎಲ್ಲ ಗುಮಾಸ್ತರನ್ನೂ ಕೂರಿಸಿ ಕೈಯಲ್ಲೇ ಆದಷ್ಟು ಮಾಡಿಸ್ತೀನಿ. ಬೆಂಗಳೂರಿನವರಿಗೆ ನಾನು ಕತೆ ಹೇಳೋಕಾಗಲ್ಲ.”

ಅವರು ಹೋದ ಮೇಲೆ ಚಲುವಯ್ಯ ಮೆಲ್ಲಗೆ ಕೇಳಿದ. “ಸಾ, ಆ ಪಾಠದ ಟಿಪ್ಪಣಿ ನಂಗೊಂದ್ಸಲ ಕೊಡ್ತೀರಾ? ಬಾನುವಾರ ಮನೇಲಿ ಓದ್ಕೊಂಡು ಬತ್ತೀನಿ. ಕಾರ್ಡ್ನೂ ತಕ್ಕೊಂಡೋಗ್ತೀನಿ.”

“ನಿಮಗಿದು ಹೊಸದಲ್ವೇ?”

“ಹೊಳೇನೂ ಹೊಸದಾಗೇ ಇತ್ತು ಸಾ.”

ಸೈಕ್ಲೊಸ್ಟೈಲ್ ಮಾಡಿದ ನಲವತ್ತು ಪುಟದ ಟಿಪ್ಪಣಿ. ಚಲುವಯ್ಯ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದ. ಆಮೇಲೆ ತಪ್ಪುಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದ: ಯಾವ ಕಾರ್ಡು, ಯಾವ ತಪ್ಪು, ಆ ಸಾಲಿನಲ್ಲಿ ಯಾವ ಹೆಸರು. ಅರ್ಧ ಪಟ್ಟಿ ಮುಗಿಯುವಷ್ಟರಲ್ಲಿ ಒಂದು ವಿಷಯ ಎದ್ದು ಕಂಡಿತು. ನೀರಿನ ಎತ್ತರಕ್ಕೆ ಇಟ್ಟ ಹೆಸರು, ಹರಿವಿಗೆ ಇಟ್ಟ ಹೆಸರು, ಇವೆರಡು ಬಂದ ಕಡೆಯೆಲ್ಲ ತಪ್ಪು ಬಿದ್ದಿತ್ತು. ಆ ಎರಡಕ್ಕೂ ಯಂತ್ರದೊಳಗೆ ಜಾಗ ಕಾದಿರಿಸು ಎಂದು ಹೇಳುವುದು ಡೈಮೆನ್ಷನ್ ಎಂಬ ಪದದಿಂದ ಶುರುವಾಗುವ ಆರನೇ ಕಾರ್ಡು. ಅದನ್ನು ಕಂಪೈಲರ್ ಒಪ್ಪಿಲ್ಲ. ಒಪ್ಪದಿದ್ದರಿಂದ ಆಮೇಲೆ ಆ ಹೆಸರು ಬಂದಲ್ಲೆಲ್ಲ ಇದು ಯಾರೆಂದು ಗೊತ್ತಿಲ್ಲ ಎಂದಿದೆ. ಎಣಿಸಿ ನೋಡಿದ. ಅರವತ್ತಮೂರರಲ್ಲಿ ನಲವತ್ತೊಂದು ತಪ್ಪು ಆ ಒಂದೇ ಕಾರ್ಡಿನ ಸಂತಾನ. ಆದರೆ ಕಾರ್ಡಿನಲ್ಲಿ ತಪ್ಪೇನು?

ಜಗಲಿಯ ಮೇಲೆ ಮಾಯಮ್ಮ ಸ್ಲೇಟು ಹಿಡಿದು ಕೂತಿದ್ದಳು. ಬೀದಿಯ ಕೊನೆಯಲ್ಲಿ ದೊಡ್ಡವರಿಗೆಂದು ನಡೆಯುತ್ತಿದ್ದ ಅಕ್ಷರದ ತರಗತಿಗೆ ಸೇರಿ ಎರಡು ತಿಂಗಳಾಗಿತ್ತು. ಅವತ್ತಿನ ಪಾಠ ಗಂಗೆ, ಬಿಂದಿಗೆ, ಹತ್ತರವರೆಗೆ ಅಂಕಿ.

“ಇಲ್ನೋಡಿ ಒಸಿ,” ಎಂದಳು. “ಇದು ಲೆಕ್ಕದ ಸೊನ್ನೆನೋ, ಅಕ್ಸರದ ಸೊನ್ನೆನೋ?”

ಚಲುವಯ್ಯ ತಲೆಯೆತ್ತದೆ ಹೇಳಿದ. “ಎರಡೂ ಒಂದೇ ಥರ ಇರ್ತವೆ ಕಣಮ್ಮಿ. ಎಲ್ಲಿ ಕುಂತದೆ ಅಂತ ನೋಡಿ ತಿಳ್ಕೋಬೇಕು.”

“ನಾನೇನೋ ತಿಳ್ಕೋತೀನಿ. ತಿಳೀದೇ ಇದ್ದೋರು ಏನ್ ಮಾಡಾರು?”

ಚಲುವಯ್ಯನ ಕೈಯಲ್ಲಿದ್ದ ಪೆನ್ಸಿಲ್ಲು ಹಾಗೇ ನಿಂತಿತು. ಡೈಮೆನ್ಷನ್ ಪದದಲ್ಲಿ ಇಂಗ್ಲಿಷಿನ ಓ ಇದೆ. ಅಚ್ಚಾದ ಕಾಗದದಲ್ಲಿ ಓ ಯಾವುದು, ಸೊನ್ನೆ ಯಾವುದು ಎಂದು ಕಣ್ಣಿಗೆ ತಿಳಿಯುವಂತಿರಲಿಲ್ಲ. ಆದರೆ ಕಾರ್ಡಿನಲ್ಲಿ? ಟಿಪ್ಪಣಿಯ ಕೊನೆಯ ಪುಟದಲ್ಲಿ ಯಾವ ಅಕ್ಷರಕ್ಕೆ ಎಲ್ಲೆಲ್ಲಿ ತೂತು ಎಂಬ ಪಟ್ಟಿ ಇತ್ತು. ಓ ಅಕ್ಷರಕ್ಕೆ ಎರಡು ತೂತು, ಸೊನ್ನೆಗೆ ಒಂದೇ.

ಆರನೇ ಕಾರ್ಡು ತೆಗೆದು ಅಂಗಳದ ಬಿಸಿಲಿಗೆ ಹಿಡಿದ. ಓ ಇರಬೇಕಾದ ಮನೆಯಲ್ಲಿ ಒಂದೇ ಒಂದು ತೂತು. ಅದರೊಳಗಿನಿಂದ ಬಿಸಿಲು ಅವನ ಕೆನ್ನೆಗೆ ಬಿತ್ತು.

“ಸಿಕ್ತು ಕಣಮ್ಮಿ!” ಎಂದು ಕೂಗಿದ. ಮಾಯಮ್ಮನಿಗೆ ಏನು ಸಿಕ್ಕಿತೆಂದು ತಿಳಿಯಲಿಲ್ಲ, ಆದರೂ ಸ್ಲೇಟು ಇಟ್ಟು ಎದ್ದು ಬಂದಳು. ಅವಳಿಗೂ ಕಾರ್ಡು ಹಿಡಿದು ತೋರಿಸಿದ. ಇನ್ನೂರ ಹದಿನಾಲ್ಕು ಕಾರ್ಡನ್ನೂ ಇಬ್ಬರೂ ಸೇರಿ ಬಿಸಿಲಿಗೆ ಹಿಡಿದು ನೋಡಿದರು. ಓ ಇರುವ ಕಡೆಯೆಲ್ಲ ಸೊನ್ನೆ, ಸೊನ್ನೆ ಇರುವ ಕಡೆಯೆಲ್ಲ ಓ. ಒಂದೂ ತಪ್ಪದೆ ಅದಲುಬದಲು.

ಸೋಮವಾರ ಪಂಚಾಕ್ಷರಯ್ಯನ ಮುಂದೆ ಕಾರ್ಡು ಹಿಡಿದು ತೋರಿಸಿದ. “ಒಂದೆರಡು ಕಡೆ ಆಗಿದ್ರೆ ಕೈತಪ್ಪು ಅನ್ನಬೌದು ಸಾ. ಎಲ್ಲ ಕಡೇನೂ ಇಂಗೇ ಆಗದೆ ಅಂದ್ರೆ ಅವ್ರು ಬೇಕಂತ್ಲೇ ನಿಯಮದ ಪ್ರಕಾರ ತೂತು ಒಡ್ದವ್ರೆ. ನೀವು ಗುರುತಿಗೆ ಏನಾರ ಹಾಕಿದ್ರಾ?”

ಪಂಚಾಕ್ಷರಯ್ಯ ಹಣೆ ಚಚ್ಚಿಕೊಂಡ. “ಹಾಕಿದ್ದೆ ಕಣ್ರೀ! ಸೊನ್ನೆಗೆಲ್ಲ ಅಡ್ಡಗೆರೆ ಎಳೆದಿದ್ದೆ, ಬೇರೆ ಅಂತ ಗೊತ್ತಾಗಲಿ ಅಂತ.”

“ಅವ್ರ ಕಡೆ ಅಡ್ಡಗೆರೆ ಎಳೆಯೋದು ಓಗೆ ಇರ್ಬೇಕು.”

ಹಾಗೆಯೇ ಇತ್ತು. ತೂತು ಹೊಡೆಯುವ ಕೋಣೆಯ ರೂಢಿ ಒಂದು, ಪಂಚಾಕ್ಷರಯ್ಯನ ರೂಢಿ ಇನ್ನೊಂದು. ಹಾಳೆಗಳನ್ನು ಹೊಸದಾಗಿ ಬರೆದು, ಅಡ್ಡಗೆರೆ ಇರುವುದು ಅಕ್ಷರ ಎಂದು ಮೇಲ್ಗಡೆ ಕೆಂಪು ಶಾಯಿಯಲ್ಲಿ ಸೂಚನೆ ಹಾಕಿ ಕಳಿಸಿದರು. ಮೇ ಇಪ್ಪತ್ತಾರಕ್ಕೆ ಉತ್ತರ ಬಂತು. ಅರವತ್ತಮೂರು ಹೋಗಿ ನಾಲ್ಕು ಉಳಿದಿತ್ತು.

ಆ ನಾಲ್ಕೂ ಪಂಚಾಕ್ಷರಯ್ಯನವೇ. ಪೂರ್ಣಾಂಕವನ್ನೂ ದಶಮಾಂಶವನ್ನೂ ಒಂದೇ ಸಾಲಿನಲ್ಲಿ ಬೆರೆಸಿದ್ದು ಕಂಪೈಲರಿಗೆ ಹಿಡಿಸಿರಲಿಲ್ಲ. ಇಬ್ಬರೂ ಅರ್ಧ ದಿನದಲ್ಲಿ ತಿದ್ದಿದರು. ಈಗ ಚಲುವಯ್ಯನಿಗೆ ಸಾಲುಗಳು ಓದುತ್ತಿದ್ದಂತೆಯೇ ಅರ್ಥವಾಗುತ್ತಿದ್ದವು. ಈ ಸಾಲು ಎತ್ತರದಿಂದ ಕಂಬದ ಸೊನ್ನೆ ಕಳೆಯುತ್ತದೆ, ಇದು ಲಾಗರಿದಂ ತೆಗೆಯುತ್ತದೆ, ಇದು ವಾಪಸು ತಿರುಗಿಸುತ್ತದೆ. ತಾನು ಐದು ವರ್ಷದಿಂದ ಕೈಯಲ್ಲಿ ಮಾಡುತ್ತಿದ್ದ ಕೆಲಸವೇ ಅದು.

ಜೂನ್ ಮೊದಲ ವಾರ ಪಂಚಾಕ್ಷರಯ್ಯನಿಗೆ ಕಾಮಾಲೆಯಾಯಿತು. ಕಣ್ಣು ಅರಿಶಿನದಂತಾಗಿ ಅರಕಲಗೂಡಿನ ಮನೆ ಸೇರಿದ. ಹದಿನಾಲ್ಕನೇ ತಾರೀಕು, ಬುಧವಾರ, ಮೂರನೇ ಪಾರ್ಸೆಲ್ ಬಂದಾಗ ಅದನ್ನು ಬಿಚ್ಚಿದವನು ಚಲುವಯ್ಯನೊಬ್ಬನೇ.

ತಪ್ಪು ಸೊನ್ನೆ ಎಂದು ಮೊದಲ ಹಾಳೆಯಲ್ಲಿತ್ತು. ಹಾಳೆ ಮಗುಚಿದರೆ ಕೆಳಗೆ ಇನ್ನೆರಡು ಸಾಲು. ಕಂಪೈಲರ್ ಕೆಲಸ ಮುಗಿಸಿದೆ. ಆದರೆ ಲಾಗರಿದಂ ತೆಗೆಯುವ ಮತ್ತು ಅದನ್ನು ತಿರುಗಿಸುವ ಎರಡು ಸಿದ್ಧ ತುಣುಕುಗಳು ಯಂತ್ರದ ಭಂಡಾರದಲ್ಲಿ ಆ ಹೆಸರಿನಲ್ಲಿ ಸಿಗಲಿಲ್ಲ, ಹಾಗಾಗಿ ಪ್ರೋಗ್ರಾಮು ಓಡಲಿಲ್ಲ. ಜೊತೆಗೆ ಮದರಾಸಿನ ಆಪರೇಟರನ ಚೀಟಿ: ಕಾರ್ಡಿನ ಕಟ್ಟು ಇಲ್ಲೇ ಇಟ್ಟುಕೊಂಡಿದ್ದೇವೆ, ನಿಮ್ಮ ಮುಂದಿನ ಸರದಿ ಹದಿನೇಳು, ಶನಿವಾರ. ಅದು ತಪ್ಪಿದರೆ ಜುಲೈಗೇ.

ಅಂಚೆಗೆ ಮೂರು ದಿನ ಬೇಕು. ಶನಿವಾರಕ್ಕೆ ಇದ್ದದ್ದೂ ಮೂರೇ ದಿನ. ಅರಕಲಗೂಡಿಗೆ ಬಸ್ಸು ಹಿಡಿದು ಹೋಗಿ ಕೇಳಿ ಬರೋಣವೆಂದರೆ ಪಂಚಾಕ್ಷರಯ್ಯನಿಗೆ ತಲೆಯೆತ್ತಲೂ ಶಕ್ತಿಯಿಲ್ಲ ಎಂದು ಹಿಂದಿನ ದಿನವಷ್ಟೇ ಸುದ್ದಿ ಬಂದಿತ್ತು.

ಚಲುವಯ್ಯ ಟಿಪ್ಪಣಿ ತೆಗೆದ. ಲಾಗರಿದಮ್ಮಿಗೆ ಪ್ರೋಗ್ರಾಮಿನಲ್ಲಿ ಬರೆದ ಹೆಸರು ಟಿಪ್ಪಣಿಯಲ್ಲಿ ಇದ್ದ ಹಾಗೇ ಇತ್ತು, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲ. ಟಿಪ್ಪಣಿ ಸರಿ, ಪ್ರೋಗ್ರಾಮು ಸರಿ. ಹಾಗಾದರೆ ಭಂಡಾರದಲ್ಲಿ ಯಾಕಿಲ್ಲ? ಅಚ್ಚಿನ ಕಾಗದವನ್ನು ಮೊದಲಿನಿಂದ ಓದಿದ. ಇಷ್ಟು ದಿನ ಯಾರೂ ಓದದೆ ಬಿಟ್ಟಿದ್ದ ತಲೆಬರಹವನ್ನೂ ಓದಿದ. ಅದರಲ್ಲಿ ಕಂಪೈಲರಿನ ಹೆಸರು, ಮುಂದೆ ಎರಡು ಎಂಬ ಅಂಕಿ. ಟಿಪ್ಪಣಿಯ ರಟ್ಟಿನ ಮೇಲೆ ಅದೇ ಹೆಸರು, ಮುಂದೆ ಒಂದು ಎಂಬ ಅಂಕಿ.

ಪಂಚಾಕ್ಷರಯ್ಯ ಪಾಠ ಹೇಳಿಸಿಕೊಂಡು ಬಂದ ಮೇಲೆ ಮದರಾಸಿನವರು ಕಂಪೈಲರ್ ಬದಲಿಸಿದ್ದರು. ಹೊಸದರ ಭಂಡಾರದಲ್ಲಿ ಆ ತುಣುಕುಗಳಿಗೆ ಬೇರೆ ಹೆಸರು.

ಅವನು ಕಾಗದ, ಟಿಪ್ಪಣಿ ಎರಡನ್ನೂ ಹಿಡಿದುಕೊಂಡು ನೇರ ಗಂಗಾಧರಯ್ಯನವರ ಕೋಣೆಗೆ ಹೋದ. ಐದು ವರ್ಷದಲ್ಲಿ ಕರೆಯದೆ ಆ ಬಾಗಿಲು ದಾಟಿದ್ದು ಅದೇ ಮೊದಲು.

“ಸಾ, ಮದರಾಸಿಗೆ ಒಂದು ತಂತಿ ಕೊಡ್ಬೇಕು. ಇವತ್ತೇ.”

ಗಂಗಾಧರಯ್ಯನವರು ಕನ್ನಡಕ ತೆಗೆದರು. “ಏನಂತ?”

“ನಮ್ಮ ಕಾರ್ಡಿನ ಕಟ್ಟನ್ನ ಒಂದನೇ ನಂಬರಿನ ಕಂಪೈಲರಿಗೇ ಆಕಿ, ಅದ್ರ ಭಂಡಾರಾನೇ ಜೊತೆಗೆ ಕೂಡ್ಸಿ ಅಂತ. ಕಟ್ಟಿನ ಮುಂದ್ಗಡೆ ಇರೋ ಕಾರ್ಡು ಒಂದು ಬದಲಾದ್ರೆ ಸಾಕು ಸಾ. ಒಳಗಡೆ ಏನೂ ಮುಟ್ಟೋದು ಬ್ಯಾಡ.”

“ಪಂಚಾಕ್ಷರಯ್ಯ ಹೇಳಿದರೇ?”

“ಇಲ್ಲ ಸಾ. ನಾನೇ ನೋಡಿದ್ದು.”

“ಯಂತ್ರಾನೇ ನೋಡದೆ ಇರೋರು ನೀವು. ಹಾಸನದಲ್ಲಿ ಕೂತ್ಕೊಂಡು ಮದರಾಸಿನ ತಪ್ಪು ಹೇಗ್ರೀ ಹೇಳ್ತೀರಿ?”

ಚಲುವಯ್ಯ ಕಾಗದವನ್ನೂ ಟಿಪ್ಪಣಿಯನ್ನೂ ಮೇಜಿನ ಮೇಲಿಟ್ಟ. ಆಮೇಲೆ ಹೇಳಿದ. “ಅರವತ್ತೊಂದರಲ್ಲಿ ನರಸೀಪುರದ ಕಂಬ ಬದ್ಲಾಯ್ತಲ್ಲ ಸಾ. ಓದೋನು ಸರಿಯಾಗೇ ಓದ್ತಿದ್ದ, ಕೋಷ್ಟಕಾನೂ ಸರಿಯಾಗೇ ಇತ್ತು. ಆದ್ರೆ ಆ ಕೋಷ್ಟಕ ಈ ಕಂಬದ್ದಲ್ಲ. ಇದೂ ಅಂಗೇ. ನಮ್ಮ ಪ್ರೋಗ್ರಾಮು ಅಳೇ ಕಂಬಕ್ಕೆ ಬರ್ದಿದ್ದು, ಅವ್ರು ಒಸ ಕಂಬಕ್ಕೆ ಇಟ್ಟವ್ರೆ. ಒಸದ್ರಲ್ಲಿ ಏನೇನು ಎಸ್ರು ಅಂತ ನಮ್ ತಾವ ಪುಸ್ತಕ ಇಲ್ಲ. ಊಹೆ ಮಾಡಿ ಬರುದ್ರೆ ಇನ್ನೊಂದು ತಪ್ಪು ಬೀಳ್ತದೆ. ಅದ್ಕೇ ಅಳೇದನ್ನೇ ಕೇಳೋದು ಮೇಲು.”

ಗಂಗಾಧರಯ್ಯನವರು ಕಾಗದವನ್ನೂ ಟಿಪ್ಪಣಿಯ ರಟ್ಟನ್ನೂ ಪಕ್ಕಪಕ್ಕ ಇಟ್ಟುಕೊಂಡು ಆ ಎರಡು ಅಂಕಿಗಳನ್ನು ನೋಡಿದರು. “ಕಂಬದ ವಿಚಾರ ಬರೆದು ಕಳಿಸಿದ್ದು ನೀವೇ ಅಲ್ವೇ?” ಎಂದರು. ಉತ್ತರಕ್ಕೆ ಕಾಯದೆ ತಂತಿಯ ಫಾರಮ್ಮು ತರಿಸಿ, ಕೆಳಗೆ ರುಜು ಹಾಕಿ, ಮೇಲಿನ ಜಾಗ ಖಾಲಿ ಬಿಟ್ಟು ಅವನ ಮುಂದಕ್ಕೆ ತಳ್ಳಿದರು. “ನೀವೇ ಬರೀರಿ. ನಾನು ಬರೆದರೆ ಕೆಡುತ್ತೆ.”

ಚಲುವಯ್ಯ ಹದಿನೆಂಟು ಪದಗಳಲ್ಲಿ ಬರೆದ. ತಂತಿ ಕಚೇರಿಯ ಗುಮಾಸ್ತ ಎರಡು ಸಲ ಓದಿ, “ಏನ್ರೀ ಇದು, ಔಷಧಿ ಚೀಟಿನಾ?” ಎಂದು ಕೇಳಿ ಕಳಿಸಿದ.

ಶನಿವಾರ ಕಳೆಯಿತು. ಸೋಮವಾರ, ಮಂಗಳವಾರ ಏನೂ ಬರಲಿಲ್ಲ. ಕಚೇರಿಯಲ್ಲಿ ಉಳಿದ ಗುಮಾಸ್ತರು ಆಗಲೇ ಕೈಲೆಕ್ಕಕ್ಕೆ ಕೂತಿದ್ದರು. ಒಬ್ಬಿಬ್ಬರು ಚಲುವಯ್ಯನ ಕಡೆ ನೋಡಿ ನಗುತ್ತಲೂ ಇದ್ದರು. ಬುಧವಾರ ಹನ್ನೊಂದು ಗಂಟೆಗೆ ರೈಲ್ವೆ ಸ್ಟೇಷನ್ನಿನಿಂದ ಜವಾನ ಒಂದು ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ತಂದ. ಅಷ್ಟು ಭಾರ ಹಿಂದೆ ಯಾವ ಪಾರ್ಸೆಲ್ಲಿಗೂ ಇರಲಿಲ್ಲ.

ದಾರ ಕತ್ತರಿಸಿ ಮೇಲಿನ ಹಾಳೆ ಹಿಡಿದು ಎಳೆದರೆ ಕಾಗದ ಬಂತು, ಬಂತು, ಬರುತ್ತಲೇ ಇತ್ತು. ಮೇಜಿನಿಂದ ಇಳಿದು, ನೆಲದ ಮೇಲೆ ಹರಿದು, ಬಾಗಿಲವರೆಗೂ ಹೋಯಿತು. ಸಾಲು ಸಾಲು ಅಂಕಿ. ಹನ್ನೆರಡು ವರ್ಷದ ಹೊಳೆ, ಐದು ಬಗೆಯ ಲೆಕ್ಕದಲ್ಲಿ. ಎಲ್ಲ ಮುಗಿಯಲು ಹಿಡಿದದ್ದು ಐವತ್ತೆರಡು ನಿಮಿಷ ಎಂದು ಕೊನೆಯಲ್ಲಿತ್ತು.

ಗುಮಾಸ್ತರು ಎದ್ದು ಬಂದು ನಿಂತರು. ಗಂಗಾಧರಯ್ಯನವರೂ ಬಂದರು. “ಅಂಕಿಯೇನೋ ಬಂತು. ಸರಿ ಅನ್ನೋಕೆ ಏನು ಗ್ಯಾರಂಟಿ?”

“ಮೂರು ದಿನದ್ದು ನಾನು ಮಾಡಿ ತೋರಿಸ್ತೀನಿ ಸಾ. ನೀವೇ ತಾರೀಕು ಏಳಿ.”

ಅವರು ಒಂದು ಬೇಸಿಗೆಯ ದಿನ, ಒಂದು ಚಳಿಗಾಲದ ದಿನ, ಆಮೇಲೆ ಬೇಕೆಂದೇ ೧೯೬೧ರ ಮಹಾಪೂರದ ದಿನ ಹೇಳಿದರು. ಚಲುವಯ್ಯ ಲಾಗರಿದಂ ಪುಸ್ತಕ ತೆರೆದ. ಮೊದಲೆರಡು ದಿನದ್ದು ಕೊನೆಯ ಅಂಕಿಯವರೆಗೂ ಕೂಡಿಬಂತು. ಮೂರನೆಯದಕ್ಕೆ ಎಲ್ಲರೂ ಬಗ್ಗಿ ನೋಡಿದರು. ಐದಂಕಿಯ ಸಂಖ್ಯೆಯಲ್ಲಿ ಕೊನೆಯ ಒಂದಂಕಿ ಮಾತ್ರ ಬೇರೆ.

“ಅಲ್ಲಿ ತಪ್ಪು ನಂದು ಸಾ,” ಎಂದ ಚಲುವಯ್ಯ. “ಈ ಪುಸ್ತಕ ನಾಕಂಕಿಯಿಂದಾಚೆಗೆ ಓಗಲ್ಲ. ಯಂತ್ರದ್ದೇ ಸರಿ.”

ಗಂಗಾಧರಯ್ಯನವರು ಜೋರಾಗಿ ನಕ್ಕರು. ಅವರು ನಗುವುದನ್ನು ಆ ಕಚೇರಿ ನೋಡಿದ್ದು ಕಡಿಮೆ. ಕೈಲೆಕ್ಕಕ್ಕೆ ಕೂತವರಿಗೆಲ್ಲ ಪೆನ್ಸಿಲ್ ಕೆಳಗಿಡಿ ಎಂದರು. ಚಲುವಯ್ಯ ಅರಕಲಗೂಡಿಗೆ ಒಂದು ಅಂಚೆ ಕಾರ್ಡು ಹಾಕಿದ: ಪುರಾತನರೆಲ್ಲ ಎದ್ದು ಹೋದರು ಸಾರ್, ಹೊಳೆ ಬಂತು. ಅದನ್ನು ಓದಿದ ಮೇಲೆ ಮಗ ಎರಡು ತುತ್ತು ಹೆಚ್ಚಿಗೆ ಉಂಡನೆಂದು ಪಂಚಾಕ್ಷರಯ್ಯನ ತಾಯಿ ಬಸವಲಿಂಗಮ್ಮ ಆಮೇಲೆ ಹೇಳಿದರು.

ಬೆಂಗಳೂರಿನ ಸಭೆಗೆ ಗಂಗಾಧರಯ್ಯನವರು ಚಲುವಯ್ಯನನ್ನೂ ಕರೆದುಕೊಂಡು ಹೋದರು. ಪೆಟ್ಟಿಗೆ ಹೊರಲು ಬಂದವನೆಂದು ಅಲ್ಲಿಯವರು ಬಾಗಿಲ ಹತ್ತಿರ ನಿಲ್ಲಿಸಿದರು. ಅರ್ಧ ಗಂಟೆಯ ಮೇಲೆ, ಈ ಅಂಕಿ ಹೇಗೆ ಬಂತು ಎಂದು ದೊಡ್ಡ ಅಧಿಕಾರಿಯೊಬ್ಬರು ಕೇಳಿದಾಗ ಗಂಗಾಧರಯ್ಯನವರು ಹಿಂದಕ್ಕೆ ತಿರುಗಿ, “ಚಲುವಯ್ಯ, ಮುಂದೆ ಬನ್ನಿ. ಕೂತ್ಕೊಂಡು ಹೇಳಿ,” ಎಂದರು. ಕುರ್ಚಿ ಹಾಕಿದರು. ಅವನು ನಲವತ್ತು ನಿಮಿಷ ಮಾತಾಡಿದ, ಕನ್ನಡದಲ್ಲಿಯೇ.

ಅಲ್ಲಿಂದ ಮುಂದೆ ಬೇರೆ ಬೇರೆ ಕಚೇರಿಗಳಿಂದ ಅಚ್ಚಿನ ಕಾಗದಗಳು ಅವನನ್ನು ಹುಡುಕಿಕೊಂಡು ಹಾಸನಕ್ಕೆ ಬರತೊಡಗಿದವು. ನಮ್ಮದಕ್ಕೆ ಇಪ್ಪತ್ತು ತಪ್ಪು ಬಿದ್ದಿದೆ, ನಮ್ಮದಕ್ಕೆ ಎಂಬತ್ತು, ದಯವಿಟ್ಟು ನೋಡಿ ಎಂದು. ಎರರ್ ಚಲುವಯ್ಯ ಎಂಬ ಹೆಸರೂ ಬಿತ್ತು. ಅವನಿಗೆ ಆ ಹೆಸರು ಇಷ್ಟವೇ ಆಗಿತ್ತು. ಕೇಳಿದವರಿಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು. “ಮೊದಲ್ನೇ ತಪ್ಪು ನೋಡಿ ಸಾ. ಎಣಿಸ್ತಾ ಕೂರಬ್ಯಾಡಿ.”

೧೯೬೯ರಲ್ಲಿ ಅವನು ಮೊದಲ ಸಲ ಸ್ವಂತ ಪ್ರೋಗ್ರಾಮು ಬರೆದ. ಹೊಳೆಯ ಮೇಲ್ಗಡೆ ನೀರು ಏರಿದರೆ ನರಸೀಪುರಕ್ಕೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಹೇಳುವ ಲೆಕ್ಕ ಅದು. ನೂರಾ ಎಂಟು ಕಾರ್ಡು. ಅಷ್ಟರಲ್ಲಿ ಇನ್ನೊಬ್ಬರ ಸಾವಿರಾರು ತಪ್ಪು ಹಿಡಿದಿದ್ದವನು, ಒಂದೊಂದು ಸಾಲನ್ನೂ ಮೂರು ಮೂರು ಸಲ ನೋಡಿ ಕಳಿಸಿದ. ಹನ್ನೆರಡನೇ ದಿನ ಪಾರ್ಸೆಲ್ ಬಂತು. ಪಂಚಾಕ್ಷರಯ್ಯನೇ ಬಿಚ್ಚಿ ಓದಿದ.

“ಒಂದೇ ಒಂದು ತಪ್ಪು ಚಲುವಯ್ಯ. ಎಂಬತ್ತನೇ ಕಾರ್ಡು. ಅಲ್ಪವಿರಾಮ ಬಿಟ್ಟಿದ್ದೀರಿ.”

ಚಲುವಯ್ಯ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಮುಖದ ತುಂಬ ನಗು. “ಇದು ನಂದೇ ಸಾ,” ಎಂದ. “ಇದೊಂದು ಮಾತ್ರ ನಂದೇ ಸ್ವಂತ ತಪ್ಪು.” ಎಂದವನೇ ಪೆನ್ನಿನ ಮುಚ್ಚಳ ತೆಗೆದು ಎಂಬತ್ತನೇ ಸಾಲಿಗೆ ಅಲ್ಪವಿರಾಮ ಹಾಕಿದ.